ಈಜುಕೊಳದ ಪುಡಿ ಮತ್ತು ಅಪ್ಪನ ಸ್ಕೂಟರ್ ಡಿಕ್ಕಿ

ಗೆಳೆಯರೇ, ಇವತ್ತು ಬೆಳಿಗ್ಗೆ ಬೂದಿಗೆರೆ ಹತ್ತಿರದ ಒಂದು ದೊಡ್ಡ ಮನೆಯಲ್ಲಿ ನಮ್ಮಪ್ಪನ ಸ್ಕೂಟರ್ ಡಿಕ್ಕಿ ತೆಗೆಸಿದರು. ಅಪ್ಪ ಆ ಮನೆಯ ಈಜುಕೊಳ ನೋಡಿಕೊಳ್ಳುತ್ತಾರೆ; ಇವತ್ತು ನಾನೂ ಜೊತೆಗೆ ಹೋಗಿದ್ದೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ನೀರಿಗೆ ಸ್ಟೆಬಿಲೈಸರ್ ಎಂಬ ಪುಡಿ ಹಾಕಬೇಕು. ಎಷ್ಟು ಹಾಕಿದರೂ ಪ್ರತಿ ವಾರ ಅದರ ಮಟ್ಟ ಇಳಿಯುತ್ತಿತ್ತು.

"ಡಬ್ಬ ಖಾಲಿ, ನೀರಲ್ಲೂ ಇಲ್ಲ. ಪೌಡರ್ ಎಲ್ಲಿಗೆ ಹೋಗ್ತಿದೆ? ಡಿಕ್ಕಿ ತೆಗಿ ನೋಡೋಣ," ಅಂದರು ಮಾಲೀಕರು.

"ಮನೆಗೆ ತಗೊಂಡೋಗಿ ಮುದ್ದೆಗೆ ಕಲಸ್ಕೊಂಡು ತಿನ್ಲಾ ಸಾರ್?" ಅಂದರು ಅಪ್ಪ. ಆದರೂ ತೆಗೆದರು. ಒಳಗಿದ್ದದ್ದು ಊಟದ ಡಬ್ಬಿ, ನನ್ನ ಕೊಡೆ. ಆ ಬಡಾವಣೆಯಲ್ಲಿ ಕಳ್ಳನೆಂಬ ಹೆಸರು ಬಂದರೆ ಅಪ್ಪನಿಗೆ ಇನ್ನೊಂದು ಮನೆಯ ಗೇಟು ತೆರೆಯುವುದಿಲ್ಲ.

ಹೊರಗಿನವರೆದುರು ಬಾಯಿ ಬಿಡದ ನಾನು ಕೇಳಿಯೇಬಿಟ್ಟೆ: "ಆ ಪುಡಿ ಬಿಸಿಲಿಗೆ ಹೋಗಲ್ಲ ಸಾರ್, ನೀರು ಹೋದ್ರೆ ಹೋಗುತ್ತೆ. ಕಾಂಪೌಂಡ್ ಆಚೆ ಹುಲ್ಲು ಯಾಕೆ ಅಷ್ಟು ಹಸಿರಾಗಿದೆ?"

ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮಾಲೀಕರ ತಾಯಿ ತಲೆ ಎತ್ತದೆ ಹೇಳಿದರು: "ನೀರು ನಾನೇ ಬಿಡ್ತೀನಿ ಕಣಮ್ಮ. ನೆಂಟರೆಲ್ಲ ಬಿದ್ದು ಒದ್ದಾಡಿದ ನೀರು, ಮೈಲಿಗೆ. ಶುಕ್ರವಾರ ಶುಕ್ರವಾರ ವಾಲ್ವ್ ತಿರುಗಿಸಿ ಮೊಣಕಾಲುದ್ದ ಹೊರಗೆ ಬಿಟ್ಟು ಬೋರ್ ನೀರು ತುಂಬಿಸ್ತೀನಿ. ಒಬ್ರು ಮಿಂದ ನೀರಲ್ಲಿ ಇನ್ನೊಬ್ರು ಮೀಯೋದುಂಟಾ?"

ಮಾಲೀಕರು ನಕ್ಕರು. "ನಮ್ಮಮ್ಮ ಹಂಗೇ." ಆಮೇಲೆ ಅಪ್ಪನ ಕಡೆ ತಿರುಗಿ, "ಇನ್ಮೇಲೆ ಶನಿವಾರ ಸ್ವಲ್ಪ ಜಾಸ್ತಿ ಹಾಕ್ಬಿಡಪ್ಪ," ಅಂದರು. ಅಷ್ಟೇ. ಡಿಕ್ಕಿ ಮುಚ್ಚಿದ್ದೂ ಅಪ್ಪನೇ.

ನೀರು ಮೈಲಿಗೆಯಾದರೆ ಆ ಮನೆಯಲ್ಲಿ ಶುಕ್ರವಾರ ಬದಲಾಯಿಸುತ್ತಾರೆ. ಇಲ್ಲದ್ದನ್ನು ಆಡಿ ಬಾಯಿ ಮೈಲಿಗೆಯಾದರೆ ಏನು ಮಾಡುತ್ತಾರೆಂದು ಆ ಅಜ್ಜಿಯನ್ನು ಕೇಳಬೇಕಿತ್ತು.