ಟೊಪ್ಪಿಗೆಯ ಕೆಳಗಿನ ಮುಖ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ದಡ್ಡತನವೆಲ್ಲ ನನ್ನದೇ. ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಅಮ್ಮ ನನ್ನನ್ನು ಕೇಳಿದ್ದು ತೀರಿಹೋದ ಗಂಡನ ಮುಖವನ್ನು. ನಾನು ಕೊಟ್ಟದ್ದು ಅವರ ದನಿಯನ್ನು. ಆಕೆ ನಕ್ಕರೆಂದು ಮತ್ತೆ ಕೊಟ್ಟೆ, ಊಟಕ್ಕೆ ಕರೆದರೆಂದು ಹೋಗಿ ಕೊಟ್ಟೆ. ಅಷ್ಟರಲ್ಲಿ ಮುಖ ಎಲ್ಲಿಗೆ ಹೊರಟಿದೆ ಎಂದು ನೋಡುವ ಪುರಸೊತ್ತು ನನಗಿರಲಿಲ್ಲ.

ನಾನು ಫುಲ್ ಟೈಮ್ ಪೇಂಟರ್. ಶಾಲೆಯೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದ ಹಂಗಾಮಿ ಕೆಲಸ ಬಿಟ್ಟು ಬಂದು ಇದನ್ನು ಮನೆಯಲ್ಲಿ ಹೇಳಿದಾಗ, ದೋಣಿಮಲೈಯ ಗಣಿಯಲ್ಲಿ ದುಡಿಯುವ ನಮ್ಮಪ್ಪ ಸ್ಟಾಫ್ ಬಸ್ಸಿಗೆ ಹೊರಡಲು ಬೂಟಿನ ದಾರ ಕಟ್ಟುತ್ತಿದ್ದರು. ತಲೆ ಎತ್ತದೆ ಕೇಳಿದರು: "ಫುಲ್ ಟೈಮ್ ಅಂದ್ರ ಯಾವ ಶಿಫ್ಟು?"

ಆಗ ಅವರದೇ ದನಿಯಲ್ಲಿ ಏನೋ ಹೇಳಿ ಅವ್ವನನ್ನು ನಗಿಸಿ ಪಾರಾದೆ. ಉತ್ತರ ಈಗ ಗೊತ್ತಾಗಿದೆ. ಎಲ್ಲ ಶಿಫ್ಟೂ ನನ್ನದೇ. ಯಾವ ಶಿಫ್ಟಿನಲ್ಲೂ ಕೆಲಸ ಆಗುವುದಿಲ್ಲ, ಅಷ್ಟೇ.

ಹೊಸಪೇಟೆಯಲ್ಲಿ ನನ್ನ ಕೋಣೆ ಇರುವುದು ಹಿಟ್ಟಿನ ಗಿರಣಿಯ ಮೇಲೆ. ಬೆಳಿಗ್ಗೆ ಕೆಳಗೆ ಗಿರಣಿ ಚಾಲೂ ಆದರೆ ಮೇಲೆ ಕ್ಯಾನ್ವಾಸು ನಿಲ್ಲಿಸುವ ನನ್ನ ಈಸಲ್ಲು ತಾನಾಗಿ ನಡೆಯತೊಡಗುತ್ತದೆ. ಜೋಳದ ಹಿಟ್ಟು ಮೆಟ್ಟಿಲೇರಿ ಬಂದು ಹಸಿ ಬಣ್ಣದ ಮೇಲೆ ಕೂರುತ್ತದೆ. ಖಾರ ಬೀಸುವ ದಿನ ಕೆಳಗಿನವರೂ ನಾನೂ ಕೂಡಿಯೇ ಸೀನುತ್ತೇವೆ. ನನ್ನ ಚಿತ್ರದ ಆಕಾಶ ಇಷ್ಟು ತರಿತರಿ ಹೇಗೆ ಬಂತೆಂದು ಒಬ್ಬರು ಮೆಚ್ಚಿ ಕೇಳಿದ್ದರು. ಟೆಕ್ಸ್ಚರ್ ಎಂದೆ. ಅದು ಜೋಳ.

ಬಿಸಿಲೇರುವ ಮೊದಲು ಹಂಪಿಗೆ ಹೋಗಿ ಬಂಡೆಯ ನೆರಳಿನಲ್ಲಿ ಕೂತು ಪ್ರವಾಸಿಗರಿಗೆ ಜಲವರ್ಣದಲ್ಲಿ ಚಿತ್ರ ಬರೆಯುತ್ತೇನೆ. ಕಲ್ಲಿನ ರಥವನ್ನು ನಾನು ಕಣ್ಣು ಮುಚ್ಚಿ ಬರೆಯಬಲ್ಲೆ, ಅವರೂ ಕಣ್ಣು ಮುಚ್ಚಿಯೇ ಕೊಳ್ಳುತ್ತಾರೆ. ಮಧ್ಯಾಹ್ನ ಕೋಣೆಗೆ ಬಂದು ನನ್ನದೇ ಚಿತ್ರ ಬರೆಯಬೇಕೆಂದು ಬಿಳಿ ಕ್ಯಾನ್ವಾಸಿನ ಮುಂದೆ ಕೂರುತ್ತೇನೆ. ಕೈ ಕೇಳುತ್ತದೆ, ಯಾರ ಹಾಗೆ ಬರೆಯಲಿ ಎಂದು. ಹಂಪಿಗೆ ಬಂದುಹೋದ ಕಲಾವಿದರೆಲ್ಲರ ಗೆರೆ ಈ ಕೈಗೆ ಬರುತ್ತದೆ. ಒಬ್ಬರ ಬಂಡೆ ಮೆತ್ತಗೆ, ಇನ್ನೊಬ್ಬರದು ಚೂಪು, ಮತ್ತೊಬ್ಬರದು ಹೆಪ್ಪುಗಟ್ಟಿದ ನೀರಿನಂತೆ. ಸಂಡೂರಿನ ಗುಡ್ಡಗಳನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಊರಿಗೆ ಹೋಗಿಬಂದರೆ ಅಂಗಿಯ ಕಾಲರಿನಲ್ಲಿ ಅವುಗಳ ಕೆಂಪು ಧೂಳು ಪುಕ್ಕಟೆ ಬರುತ್ತದೆ. ಆದರೆ ಆ ಗುಡ್ಡವನ್ನು ಬರೆಯಹೋದರೆ ಟ್ಯೂಬಿನ ಕೆಂಪಿನಲ್ಲಿ ಇನ್ಯಾರದೋ ಗುಡ್ಡ ಬಂದು ಕೂರುತ್ತದೆ. ಸಂಜೆಗೆ ಅದನ್ನು ಕೆರೆದು ತೆಗೆಯುತ್ತೇನೆ. ಕೆರೆಯುವ ಗೆರೆಯೊಂದೇ ಇದುವರೆಗೆ ಸ್ವಂತದ್ದು.

ಮುಖ ಬರೆಯುವುದಕ್ಕೆ ಮಾತ್ರ ನನ್ನದೊಂದು ಕಸುಬು ಇತ್ತು. ಈಸಲ್ಲಿನ ಪಕ್ಕಕ್ಕೆ ಕನ್ನಡಿ ಕಟ್ಟಿಕೊಂಡು, ಯಾರ ಮುಖ ಬೇಕೋ ಅವರ ದನಿಯಲ್ಲಿ ಮಾತಾಡುತ್ತೇನೆ. ದನಿ ಸರಿಯಾಗಿ ಬಂದರೆ ಹುಬ್ಬು, ಗಲ್ಲ, ತುಟಿಯ ಕೊನೆ ತಾವಾಗಿ ಅವರ ಜಾಗಕ್ಕೆ ಹೋಗಿ ನಿಲ್ಲುತ್ತವೆ. ಕನ್ನಡಿಯಲ್ಲಿ ಅದನ್ನು ನೋಡಿ ಬರೆಯುತ್ತೇನೆ. ಬೀದಿಯ ತುದಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯವನ ಮುಖವನ್ನು ಹೀಗೇ ಬರೆದಿದ್ದೆ. ಅದು ಅವನಂತೆಯೇ ಇತ್ತು. ನೋಡಿ ಅವನೆಂದ: "ಲೇ, ನೀ ನನ್ನ ಅಣಕಿಸೂ ಮುಂದ ನಾ ಹಿಂಗ ಕಾಣ್ತೀನೇನು? ನನ್ನ ಹೆಂಡತಿ ಹೆಂಗ ಸಹಿಸ್ಕೊಂಡಾಳ."

ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಮಗ ಮೊದಲು ಬಂದದ್ದು ಈ ಕಟ್ಟಿನ ಅಂಗಡಿಗೇ. ಕೈಯಲ್ಲಿ ತೀರಿಹೋದ ಅಪ್ಪನ ಗುರುತಿನ ಚೀಟಿ. ಅಂಥ ಚೀಟಿಗಳ ಫೋಟೋಗಳಲ್ಲಿ ದೇವರಂಥ ಮನುಷ್ಯನೂ ಕುರಿ ಕದ್ದು ಸಿಕ್ಕಿಬಿದ್ದವನಂತೆ ಇರುತ್ತಾನೆ. ಅದನ್ನೇ ದೊಡ್ಡದು ಮಾಡಿ ಕಟ್ಟು ಹಾಕಿಕೊಡಿ, ವರ್ಷದ ಕಾರ್ಯಕ್ಕೆ ಗೋಡೆಗೆ ಹಾಕಬೇಕು ಎಂದನಂತೆ. ಅಂಗಡಿಯವನಿಗೆ ಮನಸ್ಸಾಗದೆ ನನ್ನ ಕೋಣೆ ತೋರಿಸಿದ.

"ಬ್ಯಾರೆ ಫೋಟೋ ಇಲ್ಲೇನ್ರಿ?" ಎಂದೆ.

"ರಗಡ ಅದಾವ್ರಿ. ಯಾವದ್ರಾಗೂ ಮಾರಿ ಇಲ್ಲ." ಮೊಬೈಲಿನಲ್ಲಿ ಒಂದೊಂದೇ ತೋರಿಸಿದ. ಮದುವೆ, ತೊಟ್ಟಿಲು, ಹೊಸ ಟ್ರ್ಯಾಕ್ಟರಿನ ಪೂಜೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ಬಿಳಿ ಟೊಪ್ಪಿಗೆಯ ಒಬ್ಬರು ಮಾತ್ರ ತಲೆ ತಗ್ಗಿಸಿ ತಮ್ಮ ಅಂಗೈ ನೋಡುತ್ತಿದ್ದರು. ಅಂಗೈಯಲ್ಲಿ ಅಕ್ಕಿ. ಮಗಳ ಮದುವೆಯ ಫೋಟೋದಲ್ಲೂ ಅಷ್ಟೇ. ಅಕ್ಷತೆ ಹಾಕಲು ಕೈಗೆ ಕೊಟ್ಟರೆ, ಅದು ಹಳೆಯ ಅಕ್ಕಿಯೋ ಹೊಸದೋ ಎಂದು ಉಜ್ಜಿ ನೋಡುತ್ತಿದ್ದಾರೆ.

"ಇಡೀ ಜಲ್ಮ ಹಿಂಗ ರೀ. ಮಾತಾಡಿದ್ರೂ ಅಕ್ಕಿ ನೋಡ್ಕೋತ ಮಾತಾಡೂರು. ಆದ್ರ ಹಾರ ಹಾಕೂ ಫೋಟೋ ನೇರ ನೋಡ್ಬೇಕಲ್ರಿ. ಬಂದವ್ರು ಕೈ ಮುಗದ್ರ ಅವರೂ ಬಂದವ್ರನ್ನ ನೋಡ್ದಂಗ ಇರ್ಬೇಕು."

"ತಲಿ ನಾ ಮ್ಯಾಲೆತ್ತಿಸ್ತೀನಿ ಬಿಡ್ರಿ," ಎಂದೆ. ಬದುಕಿದ್ದಾಗ ಯಾರಿಗೂ ಎತ್ತದ ತಲೆಯನ್ನು ನಾನು ಎತ್ತಿಸುವವನಂತೆ.

ಮಾರನೆಯ ದಿನ ಕಮಲಾಪುರದ ಮೇಲೆ ಹೋಗುವ ಬಸ್ಸು ಹಿಡಿದು ಕಂಪ್ಲಿಗೆ ಹೋದೆ. ಗಿರಣಿಯ ಹಿಂದೆಯೇ ಮನೆ. ಅಮ್ಮ ಕಟ್ಟೆಯ ಮೇಲೆ ಮೊರದಲ್ಲಿ ನುಚ್ಚು ಕೇರುತ್ತಿದ್ದರು. ಮಗ ಒಳಗೆ ಹೋದ ಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ದನಿ ಕಿವ್ಯಾಗ ಐತಪ. ಮಾರಿ ಹೊಂಟೈತಿ. ಮೊದ್ಲ ಕಣ್ಣು ಮುಚ್ಚಿದ್ರ ಮೂಗು ಬರ್ತಿತ್ತು, ಮೀಸಿ ಬರ್ತಿತ್ತು. ಈಗೀಗ ಬರೇ ಟೊಪಿಗಿ ಬರ್ತೈತಿ."

ನಾನು ನಗಬಹುದೋ ಬಾರದೋ ತಿಳಿಯದೆ ಚೀಲದಿಂದ ಪೆನ್ಸಿಲು ತೆಗೆದೆ.

"ಮಗ ಆ ಚೀಟಿ ಫೋಟೋ ದೊಡ್ಡದು ಮಾಡಿ ಹಾಕ್ತೀನಂತಾನ. ಅದನ್ನ ದಿನಾ ನೋಡಿದ್ರ ಉಳದಿದ್ದೂ ಅಳಿಸಿ ಅದ ಕುಂದರ್ತೈತಿ. ಗ್ವಾಡಿ ಮ್ಯಾಲ ಏನು ಇರ್ತೈತಿ ಅದ ಖರೇ ಆಗಿಬಿಡ್ತೈತಿ. ವರ್ಷ ತುಂಬೂದ್ರಾಗ ಅವರ ಮಾರಿ ಮಾಡಿ ಕೊಡು."

ಇಂಥ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ. ಹೆದರಿಕೆಯಾಯಿತು. ನನಗೆ ಹೆದರಿಕೆಯಾದರೆ ಬಾಯಿ ಓಡುತ್ತದೆ. ಅವರು ಹೇಗೆ ಮಾತಾಡುತ್ತಿದ್ದರು ಎಂದು ಮನೆಯವರನ್ನೆಲ್ಲ ಕೇಳಿದೆ. ಭತ್ತವನ್ನು ಹಲ್ಲಿನಲ್ಲಿ ಕಡಿದು "ಹಸಿ ಐತಿ, ಇನ್ನೊಂದಿಷ್ಟು ಒಣಗ್ಲಿ" ಎನ್ನುತ್ತಿದ್ದರಂತೆ. ಮಗಳಿಗೆ ಬಂದ ಗಂಡನ್ನು ನೋಡಿಯೂ ಅದೇ ಅಂದರಂತೆ. ಊರಿನ ಪುಢಾರಿ ಮನೆಗೆ ಬಂದು ಭಾಷಣ ಮಾಡಿ ಹೋದ ಮೇಲೂ ಅದನ್ನೇ. ನಾನು ಗಂಟಲಿನ ತಳದಿಂದ, ಮೂಗಿನಲ್ಲಿ ಸ್ವಲ್ಪ ಹೊಟ್ಟು ಸಿಕ್ಕಿಕೊಂಡವನಂತೆ, ಹೇಳಿ ನೋಡಿದೆ. ಮಗ ತಿದ್ದಿದ. ಸೊಸೆ ಒಳಗಿನಿಂದಲೇ ತಿದ್ದಿದಳು. ಇನ್ನೊಮ್ಮೆ ಹೇಳಿದೆ. ಮೊರ ನಿಂತಿತು. ಅಮ್ಮ ಸೆರಗು ಬಾಯಿಗೆ ಹಿಡಿದು ನಗತೊಡಗಿದರು, ಕಣ್ಣೀರು ಬರುವಷ್ಟು. ಆಮೇಲೆ ನಗು ನಿಂತಿತು, ಕಣ್ಣೀರು ನಿಲ್ಲಲಿಲ್ಲ.

"ಇನ್ನೊಮ್ಮಿ ಅನ್ನು," ಎಂದರು.

ಅಲ್ಲಿಂದ ನಾನು ಕೆಟ್ಟೆ. ಕೆಲಸ ಮುಂದುವರಿದಿದೆ ಎಂದು ಹೇಳಲು ಹೋಗುತ್ತಿದ್ದೆ, ಅನ್ನ ಸಾರು ತಿಂದು ಸತ್ತವರ ದನಿಯಲ್ಲಿ ಮಾತಾಡಿ ಬರುತ್ತಿದ್ದೆ. ಸೊಸೆ ಉಪ್ಪು ಕಡಿಮೆ ಹಾಕಿದರೆ ಮಾವನಾಗಿ ಬಯ್ಯುತ್ತಿದ್ದೆ. ಗಿರಣಿಯ ಹಮಾಲರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಕ್ಯಾನ್ವಾಸಿನ ಮುಂದೆ ನನಗಾಗಿ ಎಂದೂ ಯಾರೂ ಹೀಗೆ ಕಾದಿರಲಿಲ್ಲ. ಬರುವಾಗ ಬಸ್ಸಿನ ಕಿಟಕಿಯಲ್ಲಿ ಕಬ್ಬಿನ ಗದ್ದೆ ಹಿಂದೆ ಸರಿಯುವುದನ್ನು ನೋಡುತ್ತ, ನಾನು ಚಿತ್ರಗಾರನಾಗಿ ಹುಟ್ಟಿದ್ದೇ ತಪ್ಪೇನೋ ಎನಿಸುತ್ತಿತ್ತು. ಕೋಣೆಗೆ ಬಂದ ಮೇಲೆ ಅದರಲ್ಲಿ ಅನುಮಾನವೇ ಉಳಿಯುತ್ತಿರಲಿಲ್ಲ.

ಮುಖ ಬರುತ್ತಿರಲಿಲ್ಲ. ಚೀಟಿಯ ಫೋಟೋ ನೋಡಿ ಬರೆದರೆ ಕುರಿಕಳ್ಳ ಬರುತ್ತಿದ್ದ. ಮಗನ ಮುಖಕ್ಕೆ ವಯಸ್ಸು ಹಚ್ಚಿ ನೋಡಿದೆ, ಮಗನೇ ಮುದುಕನಾಗಿ ಕೂತ. ಒಂದು ದಿನ ಬಂದದ್ದು ನಮ್ಮಪ್ಪ. ಟೊಪ್ಪಿಗೆ ಹಾಕಿಕೊಂಡು, ಯಾವ ಶಿಫ್ಟು ಎಂದು ಕೇಳುತ್ತಿದ್ದರು. ಕೆರೆದು ಕೆರೆದು ಕ್ಯಾನ್ವಾಸು ತೆಳ್ಳಗಾಯಿತು. ನೆಲದ ಮೇಲೆ ಮಲಗುತ್ತಿದ್ದೆ. ಕೆಳಗೆ ಗಿರಣಿ ಓಡಿದರೆ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು, ಅದೊಂದೇ ಅಂದಿನ ಮಾತುಕತೆ. ಹಂಪಿಗೆ ಹೋಗುವುದು ಬಿಟ್ಟೆ. ಒಂದು ಮುಂಜಾನೆ ಮನಸ್ಸು ತಡೆಯದೆ ಹೋಗಿ, ಯಾರೂ ಬರೆಯದ ಒಂದು ಸಾದಾ ಗುಂಡುಕಲ್ಲನ್ನು ಹುಡುಕಿ ಅದರ ಮುಂದೆ ಕೂತೆ. ಬರೆದು ಮುಗಿಸಿ ನೋಡಿದರೆ ಅದೂ ಯಾರೋ ಬರೆದಿದ್ದ ಕಲ್ಲಾಗಿತ್ತು. ಹಾಳೆಯನ್ನು ಅಲ್ಲೇ ಅದರ ಕೆಳಗೆ ಇಟ್ಟು ಬಂದೆ. ಕಲ್ಲು ಏನೂ ಅನ್ನಲಿಲ್ಲ. ಅಂದಿದ್ದರೆ ಅದರ ದನಿಯನ್ನೂ ಕಲಿತುಬಿಡುತ್ತಿದ್ದೆ.

ಕಾರ್ಯ ಹತ್ತಿರ ಬಂತು. ಕಣ್ಣಾರೆ ನೋಡದವರನ್ನು ಎಂದೂ ಕನ್ನಡಿಯಲ್ಲಿ ಬರೆದಿರಲಿಲ್ಲ, ಕೊನೆಗೆ ಅದಕ್ಕೇ ಹೋದೆ. ಅಂಗಡಿಯವನಿಂದ ಹಳೆಯ ಟೊಪ್ಪಿಗೆಯೊಂದನ್ನು ಇಸಕೊಂಡು ಹಾಕಿಕೊಂಡೆ. "ಹಸಿ ಐತಿ" ಎಂದೆ. ಗಲ್ಲ ಇಳಿಯಿತು, ಹುಬ್ಬು ಗಂಟಾಯಿತು. "ಇನ್ನೊಂದಿಷ್ಟು ಒಣಗ್ಲಿ" ಎಂದೆ. ತುಟಿಯ ಕೊನೆ ಒಳಕ್ಕೆ ಹೋಯಿತು. ಅವರು ತಲೆ ಎತ್ತಿ ಕನ್ನಡಿಯೊಳಗಿನಿಂದ ನೇರ ನನ್ನನ್ನು ನೋಡಿದರು. ಕುಂಚ ಹಿಡಿದೆ. ಇಷ್ಟು ದಿನ ಮೊಂಡು ಹಿಡಿದಿದ್ದ ಕೈ ಯಾರನ್ನೂ ಕೇಳದೆ ಓಡಿತು. ಬೆಳಕು ಹೋಗುವ ಹೊತ್ತಿಗೆ ಮುಖ ಬಂದಿತ್ತು. ಬಾಗಿಲ ಹತ್ತಿರ ಹೋಗಿ ನೋಡಿದರೂ ನನ್ನನ್ನೇ ನೋಡುತ್ತಿತ್ತು, ಕಿಟಕಿಯ ಹತ್ತಿರ ಹೋದರೂ ನನ್ನನ್ನೇ. ಇದು ಯಾರ ಗೆರೆಯೂ ಅಲ್ಲ, ನನ್ನದು ಎಂದುಕೊಂಡೆ. ಖುಷಿಗೆ ಒಬ್ಬನೇ ಅತ್ತೆ ಕೂಡ. ಅತ್ತದ್ದನ್ನು ಇಲ್ಲಿ ಹೇಳಬಾರದಿತ್ತು, ಹೇಳಿಯಾಯಿತು.

ಕಟ್ಟು ಹಾಕುವಾಗ ಅಂಗಡಿಯವನು ಗಾಜು ಒರೆಸುತ್ತ ಬಹಳ ಹೊತ್ತು ನೋಡಿದ.

"ಇವ್ರನ್ನ ಎಲ್ಲೋ ನೋಡೀನಲ್ಲೋ."

"ಕಂಪ್ಲಿಯವ್ರು. ಅಕ್ಕಿ ಮಾರಾಕ ಈ ಕಡಿ ಬಂದಿರ್ತಾರ."

"ಇರಬೌದು," ಎಂದು ಮೊಳೆ ಹೊಡೆದ. ಆಮೇಲೆ ಇನ್ನೊಮ್ಮೆ ನನ್ನ ಕಡೆ ನೋಡಿದ. ಅವನು ಸುಮ್ಮನಿದ್ದದ್ದು ನಾನು ಕಂಡದ್ದು ಅದೊಂದೇ ಸಲ. ಮೆಚ್ಚುಗೆ ಎಂದು ತಿಳಿದೆ.

ಕಾರ್ಯದ ದಿನ ಗಿರಣಿ ಬಂದ್. ಅಂಗಳದಲ್ಲಿ ಬೀಗರು, ವ್ಯಾಪಾರಿಗಳು, ಹಮಾಲರು. ಮಗ ಗೋಡೆಗೆ ಚಿತ್ರ ಹಾಕಿ ಬಟ್ಟೆ ಸರಿಸಿದ. "ಎದ್ದು ಬಂದಂಗ ಐತಿ," ಎಂದರು ಒಬ್ಬರು. "ನನ್ನನ್ನ ನೋಡಾಕತ್ತಾರ ನೋಡು," ಎಂದು ಮತ್ತೊಬ್ಬರು ಈ ಮೂಲೆಯಿಂದ ಆ ಮೂಲೆಗೆ ನಡೆದು ನೋಡಿದರು. ಮಗನ ಕಣ್ಣು ತುಂಬಿದ್ದವು. ಅವನು ನನ್ನ ಕೈ ಹಿಡಿದುಕೊಂಡ. ಹಾರ ತಟ್ಟೆಯಲ್ಲಿ ಸಿದ್ಧವಿತ್ತು. ಅಮ್ಮ ಹಾಕಬೇಕಿತ್ತು.

ಅಮ್ಮ ಚಿತ್ರದ ಮುಂದೆ ನಿಂತರು. ನೋಡಿದರು. ಒಂದು ಹೆಜ್ಜೆ ಹತ್ತಿರ ಹೋಗಿ ನೋಡಿದರು. ಹಾರ ಮುಟ್ಟಲಿಲ್ಲ. ಅಂಗಳವೆಲ್ಲ ಅವರ ಕೈಯನ್ನೇ ನೋಡತೊಡಗಿತು, ಅದನ್ನು ನಾನು ತಡೆಯದಾದೆ. ನನ್ನ ಬಾಯಿ ನನ್ನನ್ನು ಕೇಳದೆ ಓಡಿತು. ಸತ್ತವರ ದನಿಯಲ್ಲಿ, ಗಂಟಲಿನ ತಳದಿಂದ, ಚಿತ್ರದ ಪಕ್ಕಕ್ಕೆ ನಿಂತು ಕೇಳಿದೆ: "ಯಾಕ, ಇನ್ನೂ ಹಸಿ ಐತೇನು? ಬಂದೀನೋ ಇಲ್ಲೋ ಹೇಳು."

ಅಂಗಳವೆಲ್ಲ ನಕ್ಕಿತು. ನಾನು, ಎಂದಿನಂತೆ, ಯಾರು ಯಾರು ನಕ್ಕರೆಂದು ಒಬ್ಬೊಬ್ಬರ ಮುಖ ನೋಡಿದೆ. ಅಮ್ಮ ನಕ್ಕಿರಲಿಲ್ಲ. ಅವರು ಚಿತ್ರದ ಕಡೆ ನೋಡಿದರು, ನನ್ನ ಕಡೆ ನೋಡಿದರು, ಮತ್ತೆ ಚಿತ್ರದ ಕಡೆ. ಆಮೇಲೆ ಮೆಲ್ಲಗೆ, ಬಯ್ಯುವ ದನಿಯೇ ಇಲ್ಲದೆ, ಹೇಳಿದರು:

"ಟೊಪಿಗಿ ಅವರ್ದು, ಮೀಸಿ ಅವರ್ದು, ಹುಬ್ಬಿನ ಗಂಟೂ ಅವರ್ದ. ಆದ್ರ ಯಾರು ನಗ್ತಾರ, ಯಾರು ಹೌದಂತಾರ ಅಂತ ಅವರು ಜಲ್ಮದಾಗ ಮಂದಿ ಮಾರಿ ನೋಡಿದವರಲ್ಲ. ಈ ಕಣ್ಣು ಅದನ್ನ ನೋಡಾಕತ್ತಾವ. ಇವು ನಿನ್ನ ಕಣ್ಣಪ. ತೊಗೊಂಡು ಹೋಗು. ಇದನ್ನ ದಿನಾ ನೋಡಿದ್ರ ನನಗ ಆ ಟೊಪಿಗಿನೂ ಉಳಿಯಂಗಿಲ್ಲ."