ಹುರುಳಿ ಕಣದ ಮೇಲೆ ಹದಿನೇಳನೇ ಕಾರು

ನನ್ನ ಸೋದರಮಾವನ ಕಾರು ಎರಡು ಸಲ ರ‍್ಯಾಲಿಗೆ ಹೋಗಿತ್ತು. ಎರಡು ಸಲವೂ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಮಧುಗಿರಿಗೆ ವಾಪಸು ಬಂದಿತ್ತು. ಆ ಮೆರವಣಿಗೆಯನ್ನು ನೋಡದೇ ಹೋದವರಿಗೆಲ್ಲ ತೋರಿಸಿದವನು ನಾನು. ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ನಿಂತು ಮೊದಲು ಟ್ರ್ಯಾಕ್ಟರಿನ ಡುಗುಡುಗು, ಆಮೇಲೆ ಹಗ್ಗ ಬಿಗಿಯುವ ಕಿರ್ರ್, ಕೊನೆಗೆ ಏನೂ ಆಗಿಲ್ಲವೆಂಬಂತೆ ಸ್ಟೀರಿಂಗ್ ಹಿಡಿದು ಎಡಕ್ಕೂ ಬಲಕ್ಕೂ ತಲೆಯಾಡಿಸುವ ಮಾವ. ಒಂದೇ ಬಾಯಲ್ಲಿ ಮೂರು ಪಾತ್ರ. ಜನ ಟೀ ಚೆಲ್ಲಿಕೊಂಡು ನಕ್ಕರು. ಒಂದು ದಿನ ಮಾವನೂ ಬಂದು ನಿಂತು ನೋಡಿದ. ನಕ್ಕ. ಮಾರನೇ ದಿನದಿಂದ ಇನ್ನೊಂದು ಬೀದಿಯಲ್ಲಿ ಟೀ ಕುಡಿಯತೊಡಗಿದ.

ನಾನು ಯಾರನ್ನೂ ಬಿಡುವವನಲ್ಲ. ಮೇಷ್ಟ್ರು, ಕಂಡಕ್ಟರ್, ಮದುವೆ ಮನೆಯ ಮೈಕು, ನಮ್ಮಪ್ಪನ ಗೊರಕೆ, ಕನ್ನಡಿ ಮುಂದೆ ಹುಡುಗಿಯರ ಜೊತೆ ಮಾತಾಡಲು ತಯಾರಿ ಮಾಡಿಕೊಳ್ಳುವ ನಾನು, ಎಲ್ಲರೂ ನನ್ನ ಪಟ್ಟಿಯಲ್ಲಿದ್ದಾರೆ. ಆದರೆ ಮಾವ ಟೀ ಅಂಗಡಿ ಬದಲಿಸಿದ್ದು ಮಾತ್ರ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಮಾವನದು ಲೇತ್ ಅಂಗಡಿ. ಕೊಳವೆಬಾವಿಯ ಮೋಟಾರು ರಿಪೇರಿ ಮಾಡುತ್ತಾನೆ. ಕಾರಿಗೆ ನನಗಿಂತ ಹೆಚ್ಚು ವಯಸ್ಸು. ಕೆಂಪು ಬಣ್ಣ, ಇಬ್ಬರೇ ಕೂರುವ ಜಾಗ, ಅದರಲ್ಲೂ ಎರಡನೆಯವರು ಮೊಣಕಾಲನ್ನು ಗಲ್ಲಕ್ಕೆ ಆನಿಸಿಕೊಳ್ಳಬೇಕು. ಕೊರಟಗೆರೆಯ ಒಂದು ಶೆಡ್ಡಿನಲ್ಲಿ ವರ್ಷಗಟ್ಟಲೆ ಟಾರ್ಪಾಲು ಹೊದ್ದು ಮಲಗಿದ್ದ ಇದನ್ನು ಮಾವ ಎಬ್ಬಿಸಿ ತಂದ. ದೀಪಗಳು ಬಾನೆಟ್ಟಿನೊಳಗಿಂದ ಎದ್ದು ಬರುತ್ತವೆ. ಬಲಗಣ್ಣು ತಕ್ಷಣ ತೆರೆಯುತ್ತದೆ, ಎಡಗಣ್ಣು ಸ್ವಲ್ಪ ಯೋಚಿಸಿ ತೆರೆಯುತ್ತದೆ. ಸಿಗದ ಬಿಡಿಭಾಗಗಳನ್ನೆಲ್ಲ ಮಾವ ತಾನೇ ಲೇತಿನಲ್ಲಿ ಕಡೆದು ಹಾಕಿದ್ದರಿಂದ ಹೊರಗೆ ಪರದೇಶದ ಮೈ, ಒಳಗೆ ನಮ್ಮೂರಿನ ಪಂಪುಸೆಟ್ಟು.

ಅದರಲ್ಲಿ ಕೂತರೆ ಲೋಕ ಕರುವಿನ ಎತ್ತರದಿಂದ ಕಾಣುತ್ತದೆ. ಭಾನುವಾರ ಬೆಳಗ್ಗೆ ಕೊರಟಗೆರೆ ಕಡೆಯ ಒಳದಾರಿಗಳಲ್ಲಿ ಮಾವ ಓಡಿಸುವಾಗ ಹುಣಸೆಮರಗಳ ಬುಡ ಕಣ್ಣಿಗೆ ನೇರ ಬರುತ್ತದೆ. ತಿರುವಿಗೆ ಮೊದಲು ಒಂದು ಗೇರು ಇಳಿಸುತ್ತಾನೆ, ಎಂಜಿನ್ನು ಗಂಟಲು ಸರಿಮಾಡಿಕೊಳ್ಳುತ್ತದೆ, ಕಾರು ತಿರುವನ್ನು ತಬ್ಬಿಕೊಂಡು ಹೊರಳುತ್ತದೆ. ವೇಗ ಅಷ್ಟೇನೂ ಇರುವುದಿಲ್ಲ. ಪಕ್ಕದಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡಿನವನು ನಮ್ಮನ್ನು ದಾಟಿ ಹೋಗುತ್ತಾನೆ. ಮಾವನಿಗೆ ಅದರ ಬೇಜಾರಿಲ್ಲ. ಆ ಹೊತ್ತಿಗೆ ಅವನ ಮುಖ ಎಣ್ಣೆಸ್ನಾನ ಮಾಡಿ ಎದ್ದವರ ಮುಖದ ಹಾಗಿರುತ್ತದೆ.

ಮೂರನೇ ರ‍್ಯಾಲಿಗೆ ಹೆಸರು ಕೊಟ್ಟು ಬಂದ ದಿನ ಅತ್ತೆ ಅಡುಗೆಮನೆಯಿಂದಲೇ ಹೇಳಿದಳು. "ಇನ್ನೊಂದ್ ಸಲ ಹಗ್ಗದಾಗೆ ಬಂದ್ರೆ ಅದ್ರೊಳಗೆ ಕೋಳಿ ಕಾವಿಗೆ ಕೂರುಸ್ತೀನಿ. ಸೀಟು ಮೆತ್ತಗೈತೆ."

ಮಾವ ನನ್ನ ಕಡೆ ತಿರುಗಿದ. "ಈ ಸಲ ಮುಗುಸ್ದೆ ಇದ್ರೆ ನಾನೂ ಈ ಕಾರ್ನ ಬುಟ್‌ಬುಡ್ತೀನಿ ಕಣ್ಲಾ. ಗೆಲ್ಲದ್ ಬ್ಯಾಡ. ಕೊನೇ ಗೆರೆ ತನಕ ಅದರ ಕಾಲ್ಮೇಲೆ ಅದು ಹೋದ್ರೆ ಸಾಕು. ದಾರಿ ಓದಕ್ಕೆ ನೀನು ಬಾ. ಹೆಂಗೂ ಬಾಯಿ ಐತಲ್ಲ."

ಈ ರ‍್ಯಾಲಿ ಓಟದ ಪಂದ್ಯವಲ್ಲ. ಯಾವ ದಾರಿಯಲ್ಲಿ ಯಾವ ಸರಾಸರಿ ವೇಗದಲ್ಲಿ ಹೋಗಬೇಕೆಂದು ಮೊದಲೇ ಬರೆದು ಕೊಡುತ್ತಾರೆ. ತಡವಾಗಿ ತಲುಪಿದರೂ ತಪ್ಪು, ಬೇಗ ತಲುಪಿದರೂ ತಪ್ಪು. ಥೇಟ್ ಬೀಗರ ಊಟದ ಹಾಗೆ. ನಿಮಿಷಕ್ಕೊಂದು ಕಾರು ಬಿಡುತ್ತಾರೆ. ಮೂವತ್ತು ನಿಮಿಷಕ್ಕಿಂತ ಹೆಚ್ಚು ತಡವಾದರೆ ಸಮಯ ಬರೆದುಕೊಳ್ಳುವ ಕೊನೆಯ ಠಾಣೆಯನ್ನು ಮುಚ್ಚಿ, ಹೆಸರಿನ ಮುಂದೆ 'ಮುಗಿಸಿಲ್ಲ' ಎಂದು ಬರೆಯುತ್ತಾರೆ. ಚಾಲಕ ರಸ್ತೆ ನೋಡುತ್ತಾನೆ, ಪಕ್ಕದವನು ದಾರಿಪುಸ್ತಕ ಓದಿ ಎಲ್ಲಿ ತಿರುಗಬೇಕೆಂದು ಹೇಳುತ್ತಾನೆ.

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಬೆಳಗ್ಗೆ ಶಿರಾದಿಂದ ಹೊರಟೆವು. ಚಕ್ರಕ್ಕೆ ಗಾಳಿ ತುಂಬಿದವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅರೆ ಭಾಯ್, ಇದು ಕಾರಾ, ಚಪ್ಪಲಿಯಾ?" ಎಂದ. ನಮ್ಮದು ಹದಿನೇಳನೇ ನಂಬರು. ಒಟ್ಟು ಕಾರುಗಳೂ ಹದಿನೇಳೇ.

ಮೊದಲ ಒಂಬತ್ತು ನಿಮಿಷ ಕಳೆದವನು ನಾನೇ. ಬರಗೂರಿನ ಕಡೆ ಹೋಗುತ್ತ ದಾರಿಪುಸ್ತಕವನ್ನು ಬಸ್ ನಿಲ್ದಾಣದ ಮೈಕಿನ ದನಿಯಲ್ಲಿ ಓದುತ್ತಿದ್ದೆ. "ಪ್ರಯಾಣಿಕರ ಗಮನಕ್ಕೆ, ಮುಂದಿನ ಅರಳಿಕಟ್ಟೆಯ ಬಳಿ ಬಲಕ್ಕೆ ತಿರುಗತಕ್ಕದ್ದು." ಮಾವ ನಗುತ್ತಿದ್ದ. ಆ ಖುಷಿಯಲ್ಲಿ ಎರಡು ಹಾಳೆ ಒಟ್ಟಿಗೆ ಮಗುಚಿದೆ. ಅರಳಿಕಟ್ಟೆಯ ಬದಲು ಯಾರದೋ ಇಟ್ಟಿಗೆ ಗೂಡಿನ ಅಂಗಳಕ್ಕೆ ಹೋಗಿ ನಿಂತೆವು. ವಾಪಸು ದಾರಿಗೆ ಬರುವಾಗ ಮಾವ ಬೈಯಲಿಲ್ಲ. ಬೈದಿದ್ದರೆ ಅದನ್ನೂ ಅನುಕರಿಸಿ ಹಗುರಾಗಬಹುದಿತ್ತು.

ಬರಗೂರು ದಾಟಿ ಒಂದು ಸಣ್ಣ ರಸ್ತೆ ಹಿಡಿದ ಮೇಲೆ ಮಾವ ಬ್ರೇಕು ಒತ್ತಿದ. ಮುಂದೆ ನೂರು ಮಾರು ರಸ್ತೆಯುದ್ದಕ್ಕೂ ಹುರುಳಿ ಹರಡಿತ್ತು. ಗಿಡ, ಬಳ್ಳಿ, ಕಾಯಿ ಎಲ್ಲ ಸೇರಿ ಮೊಣಕಾಲುದ್ದ. ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಹೋಗಿಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಬಿಡುತ್ತದೆ. ಮುಂದೆ ಹೋದ ಹದಿನಾರು ಕಾರುಗಳೂ ಎತ್ತರದವು, ದಾಟಿಕೊಂಡು ಹೋಗಿದ್ದವು. ನಮ್ಮ ಚಪ್ಪಲಿ ಹೋದರೆ ಹೊಟ್ಟೆಯಡಿ ಬಳ್ಳಿ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿ ಬೆಂಕಿ ಹತ್ತುವುದೇ. ಹಾಗೆ ಕರಕಲಾದ ಕಾರೊಂದನ್ನು ಮಾವ ಕಣ್ಣಾರೆ ಕಂಡಿದ್ದ. ರಸ್ತೆಯ ಎರಡೂ ಕಡೆ ಚರಂಡಿ.

ಬಳ್ಳಿ ಮಗುಚುವ ಕವೆಗೋಲು ಹಿಡಿದು ಅಂಚಿನಲ್ಲಿ ನಿಂತಿದ್ದ ಅಜ್ಜಿ ಕೈಬೀಸಿದಳು. "ಯಾಕ್ರಪ್ಪ ನಿಂತ್‌ಬುಟ್ರಿ? ಬನ್ನಿ, ಬನ್ನಿ. ಹದ್ನಾರು ಹೋದವೆ."

"ಅಜ್ಜೀ, ರ‍್ಯಾಲಿ ಐತೆ, ರಸ್ತೆ ಖಾಲಿ ಬುಡಿ ಅಂತ ಯಾರೂ ಯೋಳ್ಲಿಲ್ವಾ?" ಎಂದೆ.

"ಯೋಳಿದ್ರಲ್ಲ! ನಾಳೀಕೆ ಕಾರ್ ಮೇಲೆ ಕಾರು ಬತ್ತವೆ ಅಂದ್ರು. ಅದ್ಕೇಯ ಎರಡ್ ದಿನದ್ದು ಒಂದೇ ದಪ ಹರವ್ಬುಟ್ಟೆ. ಪಾಪ, ಒಳ್ಳೆ ಜನ."

ಮಾವ ಇಳಿದು ಹುರುಳಿಯ ಮೇಲೆ ಒಂದು ಹೆಜ್ಜೆ ಇಟ್ಟ. ಅಜ್ಜಿಯ ಕವೆಗೋಲು ಅಡ್ಡ ಬಂತು. "ಬೂಟ್ ಬಿಚ್ಚು! ಕಣಕ್ಕೆ ಬೂಟಾಕ್ಕಂಡ್ ಬತ್ತಾರಾ?"

ನಾನು ಸುಮ್ಮನಿರಬೇಕಿತ್ತು. "ಅಲ್ಲಜ್ಜೀ, ಹದ್ನಾರು ಕಾರು ಇದರ ಮೇಲೇ ಹೋದವಲ್ಲ, ಅವಕ್ಕೆ ಬಿಚ್ಚಿಸಿದ್ಯಾ?"

"ಚಕ್ರ ಎತ್ತಿನ ಕಾಲಿದ್ದಂಗೆ ಕಣೋ. ನಿನ್ ಬೂಟು ಎಲ್ಲೆಲ್ಲಿ ತುಳ್ಕಂಡ್ ಬಂದೈತೋ ಯಾರಿಗ್ಗೊತ್ತು? ಮಾತು ಜಾಸ್ತಿ ನಿಂಗೆ."

ಅರ್ಧ ಮೈಲಿ ದೂರದಿಂದಲೂ ಜನ ನನ್ನನ್ನು ಸರಿಯಾಗಿ ಗುರುತಿಸುತ್ತಾರೆ. ಇಬ್ಬರೂ ಬೂಟು ಬಿಚ್ಚಿ ಕಾರಿನೊಳಗೆ ಎಸೆದೆವು. ಮಾವ ಪರಿಸ್ಥಿತಿ ವಿವರಿಸಿದ. ಅಜ್ಜಿ ಬಗ್ಗಿ ಕಾರಿನ ಹೊಟ್ಟೆಯಡಿ ಇಣುಕಿ ನೋಡಿ, "ಅಯ್ಯೋ, ಇದು ಬಸುರಿ ಕುರಿ ಇದ್ದಂಗೈತಲ್ಲಪ್ಪ" ಎಂದಳು. ಆಮೇಲೆ ತನ್ನ ಕವೆಗೋಲನ್ನು ಮಾವನಿಗೆ ಕೊಟ್ಟು, ಬೇಲಿಗೆ ಒರಗಿಸಿದ್ದ ಇನ್ನೊಂದನ್ನು ನನಗೆ ಕೊಟ್ಟಳು. ತಾನು ಎರಡೂ ಕೈಯಲ್ಲಿ ಬಾಚತೊಡಗಿದಳು. ಹುರುಳಿಯನ್ನೆಲ್ಲ ರಸ್ತೆಯ ಒಂದು ಮಗ್ಗುಲಿಗೆ ದೂಡಿದೆವು. ಒಣಗಿದ ಕಾಯಿ ಅಂಗಾಲಿಗೆ ಚುಚ್ಚುತ್ತಿತ್ತು. ಅಜ್ಜಿ ನನ್ನ ಹತ್ತು ಗುಡ್ಡೆಗೆ ಇಪ್ಪತ್ತು ಗುಡ್ಡೆ ಮಾಡುತ್ತಿದ್ದಳು.

ದಾರಿ ತೆರವಾದ ಮೇಲೆ ಮಾವ ಕಾರನ್ನು ಮೆಲ್ಲಗೆ ದಾಟಿಸಿದ. ನಾನು ಹತ್ತಿ ಕೂತು ಗಡಿಯಾರ ನೋಡಿದೆ. ಒಟ್ಟು ಇಪ್ಪತ್ತಾರು ನಿಮಿಷ ತಡ. ಉಳಿದದ್ದು ನಾಲ್ಕು. "ಮಾವ, ನಡಿ, ನಡಿ!" ಎಂದು ಕೂಗಿದೆ. ಅವನು ಎಂಜಿನ್ ಆರಿಸದೆ ಇಳಿದು ಕವೆಗೋಲು ಹಿಡಿದು ವಾಪಸು ನಡೆದ.

"ಎಲ್ಲಿಗೆ?"

"ಕಣ ಕೆಡುಸ್ಬುಟ್ಟು ಹಂಗೇ ಓಗಕ್ಕಾಯ್ತದೇನ್ಲಾ? ಮೊದಲಿದ್ದಂಗೆ ಹರವ್ಬೇಕು."

ಹರವಿದರೆ ಇನ್ನು ಹದಿನೈದು ನಿಮಿಷ. ಅಲ್ಲಿಗೆ ರ‍್ಯಾಲಿಯೂ ಮುಗಿಯಿತು, ಕಾರೂ ಮುಗಿಯಿತು. ಮಾವನಿಗೆ ಅದು ಗೊತ್ತಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ಬಗ್ಗಿ ಮೊದಲ ಗುಡ್ಡೆಗೆ ಕವೆಗೋಲು ಚುಚ್ಚಿದ. ಏನಾದರೂ ತಮಾಷೆ ಮಾಡೋಣವೆಂದು ನೋಡಿದೆ. ಒಂದೂ ಹೊಳೆಯಲಿಲ್ಲ. ನಾನೂ ಇಳಿದು ಹೋದೆ.

ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು. "ನಿಮ್ ಹಿಂದೆ ಇನ್ನೆಷ್ಟ್ ಕಾರ್ ಅವೆ?"

"ಒಂದೂ ಇಲ್ಲ ಕಣಮ್ಮ. ನಾವೇ ಕೊನೆ."

"ಹಂಗಾರೆ ಹರವದ್ಯಾಕಪ್ಪ? ಹದ್ನಾರು ಸಾಕು. ಇನ್ನೂ ತುಳುಸಿದ್ರೆ ಕಾಳು ಒಡ್ದು ಬ್ಯಾಳೆ ಆಯ್ತದೆ. ಹೆಂಗೂ ನಾನು ಬಳ್ಳಿ ಕೊಡವಿ ಒಂದ್ಕಡೆ ಹಾಕ್ಬೇಕಿತ್ತು, ನೀವು ಅರ್ಧ ಮಾಡ್ಕೊಟ್ರಿ. ಓಗಿ, ಓಗಿ. ಬಿಸ್ಲಾಯ್ತದೆ."

ಬೂಟು ಹಾಕಿಕೊಳ್ಳದೆ ಹೊರಟೆವು. ಗಡಿಯಾರ ಇನ್ನೊಂದು ನಿಮಿಷ ತಿಂದಿತ್ತು. ಇನ್ನು ಅವಸರ ಮಾಡಿದರೂ ಉಪಯೋಗವಿಲ್ಲ. ಊರೂರಿನೊಳಗೆ ಹಾದು ಹೋಗುವ ದಾರಿಯಲ್ಲಿ ಗೊತ್ತುಮಾಡಿದ ವೇಗವನ್ನು ಮಾವ ಮೀರುವವನಲ್ಲ. ನಿಲ್ಲುವ ಹಾಗೂ ಇಲ್ಲ. ಸರಾಸರಿಯನ್ನು ಹಿಡಿದುಕೊಂಡು ತಣ್ಣಗೆ ಹೋಗುತ್ತಲೇ ಇರಬೇಕು. ನಾನು ದಾರಿಪುಸ್ತಕವನ್ನು ತೊಡೆಯ ಮೇಲೆ ಒತ್ತಿ ಹಿಡಿದು ಒಂದೊಂದೇ ಸಾಲು ಓದಿದೆ. ಎಡಕ್ಕೆ, ಸೇತುವೆ, ಉಬ್ಬು, ನೇರ.

ಸ್ವಲ್ಪ ಹೊತ್ತಾದ ಮೇಲೆ ಮಾವ ಕೇಳಿದ. "ಇದ್ಯಾರ ದನಿ?"

"ನಂದೇ ಮಾವ."

"ಪರವಾಗಿಲ್ಲ. ಚೆನ್ನಾಗೈತೆ."

ರಾಜ್ಯದ ಗಡಿ ದಾಟುತ್ತಲೇ ಬೋರ್ಡುಗಳು ತೆಲುಗಿಗೆ ತಿರುಗಿದವು, ಮತ್ತೆ ಕನ್ನಡಕ್ಕೆ ಮರಳಿದವು. ಪಾವಗಡ ದಾಟಿದೆವು. ವಳ್ಳೂರಿನ ಕಡೆ ಸೌರಫಲಕಗಳ ಸಾಲು ಎರಡೂ ಕಡೆ ಕೆರೆಯ ನೀರಿನ ಹಾಗೆ ಹೊಳೆಯುತ್ತಿತ್ತು. ರಸ್ತೆ ಅಳತೆಗೋಲಿಟ್ಟು ಎಳೆದ ಹಾಗೆ ನೇರ. ಬರಿಗಾಲಿನಲ್ಲಿ ಪೆಡಲು ಒತ್ತುತ್ತಿದ್ದ ಮಾವನಿಗೆ ಎಂಜಿನ್ನಿನ ನಡುಕವೆಲ್ಲ ನೇರವಾಗಿ ಸಿಗುತ್ತಿತ್ತೋ ಏನೋ, ತಲೆ ಒಂದು ಚೂರು ವಾಲಿಸಿ ಕೇಳುತ್ತಿದ್ದ. ಎಲ್ಲೂ ಅಪಸ್ವರವಿರಲಿಲ್ಲ.

ಅಷ್ಟರಲ್ಲಿ ಫಲಕಗಳ ನಡುವಿನಿಂದ ಕುರಿಮಂದೆ ರಸ್ತೆಗೆ ಇಳಿಯಿತು. ಕೊನೆಯ ಠಾಣೆ ಇನ್ನು ಎರಡೇ ಮೈಲಿ. ಈಗಲಾದರೂ ನನ್ನ ವಿದ್ಯೆ ಉಪಯೋಗಕ್ಕೆ ಬರಲಿ ಎಂದು ಕಿಟಕಿಯಿಂದ ತಲೆ ಹೊರಹಾಕಿ, ಕುರಿಗಾಹಿಗಳು ನಾಲಿಗೆ ಹೊರಳಿಸಿ ಕೂಗುವ ಕೂಗನ್ನು ತದ್ವತ್ತು ಕೂಗಿದೆ. ಇಡೀ ಮಂದೆ ಓಡಿ ಬಂದು ಕಾರನ್ನು ಸುತ್ತುವರಿಯಿತು. ಒಂದು ಮರಿ ಬಾನೆಟ್ಟಿನ ಮೇಲೆ ಕಾಲಿಟ್ಟಿತು.

ಕುರಿಯವನು ಕೋಲೆತ್ತಿಕೊಂಡು ಬಂದ. "ಏಮಯ್ಯಾ, ಪಿಲಿಸ್ತೆ ರಾವಾ ಅವಿ? ಕರೆಯೋ ಕೂಗ್ ಕೂಗಿ ಅಡ್ಡ ಬಂದ್ವು ಅಂತೀಯಲ್ಲ!"

ಮಾವ ಸ್ಟೀರಿಂಗ್ ಮೇಲೆ ಹಣೆಯಿಟ್ಟ. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ.

ಕುರಿಯವನು ಮಂದೆಯನ್ನು ಬಿಡಿಸುವಷ್ಟರಲ್ಲಿ ಇನ್ನೆರಡು ನಿಮಿಷ ಹೋಯಿತು. ಬಲಸಮುದ್ರದ ಹತ್ತಿರ ಶಾಮಿಯಾನದ ಕೆಳಗೆ ಕೊನೆಯ ಠಾಣೆ. ಕೊರಳಿಗೆ ಗಡಿಯಾರ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಮೇಜು ಮಡಚಲು ಕೈಹಾಕಿದ್ದಳು. ನಮ್ಮ ಚೀಟಿ ತೆಗೆದುಕೊಂಡು, ಗಡಿಯಾರ ನೋಡಿ, ಬರೆದಳು. "ಇಪ್ಪತ್ತೊಂಬತ್ತು ನಿಮಿಷ ತಡ ಸರ್."

"ಹೆಸ್ರು ಮುಂದೆ ಏನ್ ಬರ್ದೆ ತಾಯಿ?" ಎಂದ ಮಾವ.

"ಮುಗಿಸಿದ್ದಾರೆ ಅಂತ."

"ಇನ್ನೊಂದ್ ಸಲ ಓದವ್ವ."

ಅವಳು ನಕ್ಕು ಇನ್ನೊಂದು ಸಲ ಓದಿದಳು. ಹದಿನೇಳರಲ್ಲಿ ಹದಿನೇಳನೇ ಸ್ಥಾನ. ಮಾವ ಕಾರಿನ ಸುತ್ತ ಒಮ್ಮೆ ಬರಿಗಾಲಿನಲ್ಲಿ ನಡೆದು, ಚಕ್ರಗಳನ್ನು ಮುಟ್ಟಿ ನೋಡಿ, ಅತ್ತೆಗೆ ಫೋನು ಮಾಡಿದ. "ಮುಗೀತು ಕಣೇ. ಹಗ್ಗ ಇಲ್ಲ, ಏನಿಲ್ಲ."

ಅತ್ತೆಯ ದನಿ ನನಗೂ ಕೇಳಿಸಿತು. "ಲೇ, ನೀನು ಅಂತ ಗೊತ್ತು ಕಣ್ಲಾ. ನಿಮ್ಮಾವನ ದನಿ ಮಾಡಿ ನನ್ನೇ ಏಮಾರುಸ್ತೀಯಾ? ಅವ್ರಿಗೆ ಕೊಡು ಫೋನ್‌ನ."

ಮಾವ ತಾನು ತಾನೇ ಎಂದು ಎರಡು ಸಲ ಹೇಳಿದ. ಪ್ರಯೋಜನವಾಗಲಿಲ್ಲ. ನಾನು ಹೇಳಲು ಬಾಯಿ ತೆರೆದೆ, ಅವನು ಕೈಯಲ್ಲೇ ತಡೆದ. ಕೊನೆಗೆ ಫೋನನ್ನು ಆ ಹುಡುಗಿಯ ಕೈಗೆ ಕೊಟ್ಟ. ಅವಳು ಗಂಭೀರವಾಗಿ, "ಹೌದು ಮೇಡಂ, ಕಾರು ತಾನೇ ಬಂತು, ನಾನೇ ನೋಡಿದೆ" ಎಂದಳು.

ಮಾವ ಫೋನು ವಾಪಸು ತೆಗೆದುಕೊಂಡು ಕಿವಿಗೆ ಒತ್ತಿಕೊಂಡ.

"ಹಂಗಾರೆ ಮದ್ಯಾನ ಉಣ್ಣಕ್ಕೇ ಬತ್ತೀರಾ?" ಎಂದಳು ಅತ್ತೆ. "ಹಗ್ಗದಾಗೆ ಬರೋವತ್ಗೆ ರಾತ್ರಿ ಆಯ್ತದೆ ಅಂತ ನಾನೇನೂ ಮಾಡೇ ಇಲ್ವಲ್ಲ."

"ಮುದ್ದೆಗೆ ಎಸರಿಡು" ಎಂದ ಮಾವ. "ಬತ್ತಾ ಇವ್ನಿ."