ಲಿಯೋನಾ ಆರಿಸಿ ಎಸೆದ ತೋಟೆಗಳು

ಮೊಂಟಾನಾದ ಆ ಊರಿನಲ್ಲಿ ಜಿಂಕೆ ಬೇಟೆಗೆ ಹೋಗುವವರು ಅಂಗಡಿಯ ತೋಟೆಗಿಂತ ಮರ್ಲ್ ತುಂಬಿಕೊಟ್ಟ ತೋಟೆಯನ್ನೇ ನಂಬುತ್ತಿದ್ದರು. ಹಾರಿಸಿ ಖಾಲಿಯಾದ ಹಿತ್ತಾಳೆ ತೋಟೆಗಳನ್ನು ಅವನು ಒಂದೊಂದಾಗಿ ಪರೀಕ್ಷಿಸಿ, ಹೊಸ ಮದ್ದು, ಹೊಸ ಗುಂಡು ಕೂರಿಸಿ ಕೊಡುವನು. ಹಾರಿಸಿದಷ್ಟೂ ಹಿತ್ತಾಳೆ ಬುಡದ ಹತ್ತಿರ ತೆಳುವಾಗುತ್ತದೆ. ಹೊರಗೆ ಹೊಳೆಯುವ ಗೆರೆಯೊಂದು ಸುತ್ತ ಮೂಡುತ್ತದೆ. ತುದಿ ಬಾಗಿಸಿದ ತಂತಿಯನ್ನು ಒಳಗೆ ಆಡಿಸಿದರೆ ಸಣ್ಣ ಹಳ್ಳ ಬೆರಳಿಗೆ ತಿಳಿಯುತ್ತದೆ. ತಿಳಿಯಿತೋ, ಆ ತೋಟೆ ಕಸಕ್ಕೆ; ಮತ್ತೆ ಹಾರಿಸಿದರೆ ಅಲ್ಲೇ ಹರಿಯಬಹುದು.

ಅರವತ್ತೆಂಟು ದಾಟುವಷ್ಟರಲ್ಲಿ ಸಕ್ಕರೆ ಕಾಯಿಲೆಯಿಂದ ಮರ್ಲ್‌ನ ಬೆರಳುಗಳು ಮರಗಟ್ಟಿದವು, ಕಣ್ಣು ಮಂಜಾಯಿತು. ಅವನು ಒಳ್ಳೆಯವೆಂದು ಇಟ್ಟ ಡಬ್ಬಿಯಲ್ಲಿ ಹೆಂಡತಿ ಲಿಯೋನಾಗೆ ಗೆರೆ ಬಿದ್ದ ಮೂರು ಸಿಕ್ಕಿದವು.

"ಇವನ್ನ ನೋಡು, ಬುಡದಲ್ಲಿ ಹೊಳೀತಿವೆ."

"ಅದು ಯಂತ್ರದ ಅಚ್ಚು ಒತ್ತಿದ ಗುರುತು ಕಣೆ. ನಲವತ್ತು ವರ್ಷ ನಾನೇನು ಕತ್ತೆ ಕಾಯ್ತಿದ್ನಾ?"

ಅವಳು ವಾದಿಸಲಿಲ್ಲ. ರೈಲ್ವೆಯಿಂದ ನಿವೃತ್ತನಾದ ಮೇಲೆ ಅವನಿಗೆ ಉಳಿದಿದ್ದ ಮರ್ಯಾದೆ ತೋಟೆ ತುಂಬುವ ಆ ಮೇಜೊಂದೇ. ಅಂದಿನಿಂದ ಮಧ್ಯಾಹ್ನ ಅವನು ಮಲಗಿದಾಗ ತಾನೇ ತಂತಿ ಹಿಡಿದು ಕೂತು, ಕೆಟ್ಟವನ್ನು ಇಕ್ಕಳದಲ್ಲಿ ಜಜ್ಜಿ ಎಸೆಯುವಳು. ಎರಡು ವರ್ಷ ಹೀಗೇ ನಡೆಯಿತು.

ಆ ಅಕ್ಟೋಬರಿನಲ್ಲಿ ತಂಗಿಗೆ ಸೊಂಟದ ಆಪರೇಷನ್ ಆಗಿ ಲಿಯೋನಾ ಒಂಬತ್ತು ದಿನ ಬಿಲ್ಲಿಂಗ್ಸ್ ಪಟ್ಟಣದಲ್ಲಿ ಇರಬೇಕಾಯಿತು. ಹೊರಡುವಾಗ, ನಾನು ಬರುವತನಕ ಯಾರಿಗೂ ತುಂಬಿಕೊಡಬೇಡ ಎನ್ನಬೇಕೆಂದಿದ್ದಳು. ಬಾಯಿ ಬರಲಿಲ್ಲ.

ಪಕ್ಕದ ಮನೆಯ ವಾರೆನ್ ಇಪ್ಪತ್ತು ತೋಟೆ ಒಯ್ದ. ಬೇಟೆಯ ಮೊದಲ ದಿನ ಬೆಳಿಗ್ಗೆ ಅದರಲ್ಲಿ ಮೊದಲು ಹಾರಿಸಿದ್ದೇ ಕೋವಿಯೊಳಗೆ ಬುಡದಲ್ಲಿ ಹರಿದು, ಬೆಂಕಿಯಂಥ ಹೊಗೆ ಹಿಂದಕ್ಕೆ ನುಗ್ಗಿತು. ಅವನ ಬಲಗಣ್ಣು ಹೋಯಿತು.

ಸುದ್ದಿ ಕೇಳಿ ಲಿಯೋನಾ ಬಿಲ್ಲಿಂಗ್ಸ್‌ನಿಂದ ನೇರ ಆಸ್ಪತ್ರೆಗೆ ಬಂದಳು. ಅಲ್ಲಿ ಮರ್ಲ್ ಟೋಪಿ ಹಿಸುಕುತ್ತ ನಿಂತಿದ್ದ. "ಆ ಕೋವಿ ಅವನ ತಾತನ ಕಾಲದ್ದು. ಯಾವತ್ತೋ ಸವೆದುಹೋಗಿತ್ತು," ಎಂದ. ವಾರೆನ್‌ನ ಹೆಂಡತಿ ಗ್ಲಾಡಿಸ್ ತಲೆಯಾಡಿಸಿದಳು. ಅವಳು ನಂಬಿದ್ದಳು. ಲಿಯೋನಾ ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಕೋವಿ ಅಲ್ಲ ಗ್ಲಾಡಿಸ್," ಎಂದಳು. "ತೋಟೆ. ಇವನಿಗೆ ಕಣ್ಣು ಕಾಣಲ್ಲ, ಬೆರಳಿಗೆ ತಿಳಿಯಲ್ಲ. ಎರಡು ವರ್ಷದಿಂದ ಕೆಟ್ಟಿದ್ದನ್ನ ನಾನೇ ಆರಿಸಿ ಎಸೀತಿದ್ದೆ."

"ಎರಡು ವರ್ಷದಿಂದ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಪ್ರತಿ ಭಾನುವಾರ ಚರ್ಚಿನಲ್ಲಿ ನನ್ನ ಪಕ್ಕ ಕೂರ್ತಿದ್ದೆಯಲ್ಲೇ! ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

ಗಂಡನ ಮಾನ ಉಳಿಸಲು ಹೋದೆ ಎಂದು, ಕಣ್ಣು ಕಳೆದುಕೊಂಡವನ ಹೆಂಡತಿಗೆ ಹೇಗೆ ಹೇಳುವುದು?

ಮನೆಗೆ ಹೋಗುವ ದಾರಿಯುದ್ದಕ್ಕೂ ಮರ್ಲ್ ಕಿಟಕಿಯಾಚೆ ನೋಡುತ್ತಿದ್ದ. ಕಾರು ನಿಂತಾಗ, "ನನ್ನ ಬೆನ್ನ ಹಿಂದೆ ಎಷ್ಟು ಎಸೆದೆ?" ಎಂದಷ್ಟೇ ಕೇಳಿದ.

"ಇನ್ನೂರರ ಮೇಲೆ."

ಅವನು ಇಳಿಯಲಿಲ್ಲ. ಕೂತಲ್ಲೇ ಅತ್ತ. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ.

ಮರುದಿನ ಅವನು ಮೇಜಿನ ಮೇಲಿನ ತೋಟೆ ತುಂಬುವ ಯಂತ್ರವನ್ನು ಬಿಚ್ಚಿ ಗುಜರಿಗೆ ಹಾಕಿದ. ತಾನೇ ಊರಿನ ಪ್ರತಿ ಮನೆಗೂ ಹೋಗಿ, ತಾನು ತುಂಬಿದ ತೋಟೆಗಳನ್ನು ವಾಪಸು ಕೇಳಿ ತಂದ. ಕೆಲವರು ಬಾಗಿಲಲ್ಲೇ ಡಬ್ಬಿ ಕೈಗಿಟ್ಟು ಒಳಗೆ ಹೋದರು. ವಾರದ ಮೇಲೆ ಆಸ್ಪತ್ರೆಯಿಂದ ಮರಳಿದ ವಾರೆನ್ ಮಾತ್ರ ಹೊರಗೆ ಬಂದು ಎದುರು ನಿಂತ. ಉಳಿದ ಹತ್ತೊಂಬತ್ತನ್ನೂ ಕೊಟ್ಟ.

ಗ್ಲಾಡಿಸ್ ಚರ್ಚಿನಲ್ಲಿ ಆಚೆ ಸಾಲಿಗೆ ಹೋದಳು. ಲಿಯೋನಾ ಸಾಯುವತನಕ ಅವಳು ಈಚೆ ಬರಲಿಲ್ಲ.